ಸಹಾಯವಾಣಿಯ ಕರೆ ಎಲ್ಲಿಗೆ ಹೋಗುತ್ತದೆ?

ಕಿರುಸಂಖ್ಯೆಗಳ ಬಗ್ಗೆ ತರಗತಿಯಲ್ಲಿ ಮಾತು ಬಂದಾಗ ತಿಕೋಟಾ ತಾಲ್ಲೂಕಿನ ಕನಮಡಿ ಕಡೆಯ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: 'ಸರ್, ನಾನು ನಿಂತದ್ದು ನಮ್ಮ ಹೊಲದಾಗ, ಹೊಲ ಐತಿ ಕರ್ನಾಟಕದಾಗ. ಸಹಾಯವಾಣಿಗೆ ಫೋನ್ ಹಚ್ಚಿದ್ರ ಮರಾಠಿಯೊಳಗ ಯಾಕ್ರಿ ಮಾತಾಡತಾರ?' ತರಗತಿ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಹಾವು ಕಚ್ಚಿದವನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕರೆ ಮಾಡುವವನಿಗೆ ಅದು ಜೀವದ ಪ್ರಶ್ನೆ.

ಉತ್ತರವನ್ನು ಹಳೆಯ ಸ್ಥಿರ ದೂರವಾಣಿಯಿಂದ ಆರಂಭಿಸುವುದು ಸುಲಭ. ನಮ್ಮ ದೇಶದ ಸಂಖ್ಯಾ ಯೋಜನೆಯಲ್ಲಿ 1ರಿಂದ ಶುರುವಾಗುವ ಕಿರುಸಂಖ್ಯೆಗಳು ವಿಶೇಷ ಸೇವೆಗಳಿಗೆ ಮೀಸಲು. ಆಂಬುಲೆನ್ಸಿಗೆ 108, ಮಕ್ಕಳಿಗೆ 1098, ಎಲ್ಲ ಬಗೆಯ ತುರ್ತಿಗೆ 112, ಮನಸ್ಸಿನ ತೊಂದರೆಗೆ 14416. ಮೊದಲ ಅಂಕಿ 1 ಎಂದು ಕಂಡೊಡನೆ ವಿನಿಮಯ ಕೇಂದ್ರ ಇದು ಸಾಮಾನ್ಯ ಚಂದಾದಾರನ ಸಂಖ್ಯೆಯಲ್ಲವೆಂದು ತಿಳಿದು, ತನ್ನಲ್ಲಿರುವ ಕೋಷ್ಟಕವನ್ನು ನೋಡುತ್ತದೆ. 108ರ ಎದುರಿಗೆ ಅಲ್ಲಿ ಬೇರೊಂದು ಪೂರ್ಣ ಸಂಖ್ಯೆ ಅಥವಾ ಮಾರ್ಗ ಬರೆದಿರುತ್ತದೆ. ಅಂದರೆ 108 ಎಂಬುದು ವಿಳಾಸವಲ್ಲ, ಅಡ್ಡಹೆಸರು. 'ಡಾಕ್ಟರನ್ನು ಕರೀರಿ' ಎಂದರೆ ಪ್ರತಿ ಊರಿನಲ್ಲೂ ಆ ಊರಿನ ಡಾಕ್ಟರೇ ಬರುವಂತೆ, ಈ ಸಂಖ್ಯೆಯ ಅರ್ಥ ಅದನ್ನು ಕೇಳಿಸಿಕೊಂಡ ಕೇಂದ್ರವನ್ನು ಅವಲಂಬಿಸಿದೆ.

ತಂತಿ ಇದ್ದ ಕಾಲದಲ್ಲಿ ಇದರಿಂದ ಗೊಂದಲವಿರಲಿಲ್ಲ. ತಿಕೋಟಾದ ತಂತಿ ತಿಕೋಟಾದ ಕೇಂದ್ರಕ್ಕೇ ಹೋಗುತ್ತಿತ್ತು. ಮೊಬೈಲಿಗೆ ತಂತಿ ಇಲ್ಲ. ಯಾವ ಗೋಪುರದ ಸಂಕೇತ ಅದಕ್ಕೆ ಬಲವಾಗಿ ಸಿಗುತ್ತದೋ ಆ ಗೋಪುರದ ಆಶ್ರಯಕ್ಕೆ ಅದು ಹೋಗುತ್ತದೆ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಗೋಪುರ ಸೇರಿರುವುದು ದೂರಸಂಪರ್ಕದ ಮಹಾರಾಷ್ಟ್ರ ವೃತ್ತಕ್ಕೆ. ನಮ್ಮ ಹುಡುಗನ ಫೋನು ಆ ಗೋಪುರವನ್ನು ಹಿಡಿದರೆ, ಅಲ್ಲಿನ ಕೋಷ್ಟಕದ ಪ್ರಕಾರ 108 ಎಂದರೆ ಪುಣೆಯ ಕೇಂದ್ರ. ಕರ್ನಾಟಕದ 108 ಸೇವೆ 2008ರಲ್ಲಿಯೂ ಮಹಾರಾಷ್ಟ್ರದ್ದು 2014ರಲ್ಲಿಯೂ ಆರಂಭವಾದವು. ಸಂಖ್ಯೆ ಒಂದೇ, ಕೇಂದ್ರಗಳು ಬೇರೆ ಬೇರೆ. 4ಜಿ ಧ್ವನಿಕರೆಯಲ್ಲಿ ಏರ್ಪಾಡು ಇನ್ನಷ್ಟು ಜಟಿಲ. ಸಿಮ್ಮಿನ ಸ್ವಂತ ವೃತ್ತಕ್ಕೂ ಅದರಲ್ಲಿ ಪಾತ್ರವಿದೆ. ಆದ್ದರಿಂದ ಒಂದೇ ಹೊಲದಲ್ಲಿ ನಿಂತ ಇಬ್ಬರ ಫೋನುಗಳು ಎರಡು ರಾಜ್ಯಗಳಿಗೆ ಕರೆ ಒಯ್ದರೂ ಆಶ್ಚರ್ಯವಿಲ್ಲ.

ನಮ್ಮ ಕಪ್ಪುಮಣ್ಣಿನ ಬಯಲು ಇದಕ್ಕೆ ಒತ್ತಾಸೆಯಾಗಿದೆ. 40 ಮೀಟರ್ ಎತ್ತರದ ಗೋಪುರದ ತುದಿಯಿಂದ ಭೂಮಿಯ ವಕ್ರತೆ ದೃಷ್ಟಿಯನ್ನು ಮರೆಮಾಡುವ ದೂರವನ್ನು ಲೆಕ್ಕ ಹಾಕಿದರೆ ಸುಮಾರು 22 ಕಿಲೋಮೀಟರ್ ಬರುತ್ತದೆ. ಮಲೆನಾಡಿನಲ್ಲಾದರೆ ನಡುವೆ ಗುಡ್ಡ ಬಂದು ಅಲೆಯನ್ನು ತಡೆದೀತು. ಇಲ್ಲಿ ತಡೆಯಲು ಜಾಲಿ ಗಿಡ ಬಿಟ್ಟರೆ ಹೆಚ್ಚೇನಿಲ್ಲ. ರಾಜ್ಯದ ಗಡಿ ರೇಡಿಯೋ ಅಲೆಗಳಿಗೆ ಕಾಣಿಸುವುದೂ ಇಲ್ಲ.

ಕರೆ ಸರಿಯಾದ ರಾಜ್ಯವನ್ನೇ ಸೇರಿತೆನ್ನೋಣ. 'ನಾನೆಲ್ಲಿದ್ದೇನೆಂದು ಅವರಿಗೆ ಗೊತ್ತಾಗುವುದಿಲ್ಲವೆ?' ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. 2ಜಿ ವ್ಯವಸ್ಥೆಯಲ್ಲಿ ದೂರದ ಫೋನಿನ ಸಂಕೇತ ತಡವಾಗಿ ಬರುತ್ತದೆಂದು ಗೋಪುರ ಅದಕ್ಕೆ 'ತುಸು ಮೊದಲೇ ಕಳಿಸು' ಎಂದು ಆದೇಶಿಸುತ್ತದೆ. ಈ ಆದೇಶದ ಒಂದೊಂದು ಮೆಟ್ಟಿಲು 3.69 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಅಲೆ ಸುಮಾರು 1,100 ಮೀಟರ್ ಚಲಿಸುತ್ತದೆ. ಹೋಗಿಬರುವ ದಾರಿಯಾದ್ದರಿಂದ ಅದರ ಅರ್ಧ, ಅಂದರೆ 550 ಮೀಟರ್, ಒಂದು ಮೆಟ್ಟಿಲಿನ ದೂರ. ಗೋಪುರದ ಮೂರು ಮುಖಗಳಲ್ಲಿ ಯಾವುದಕ್ಕೆ ಕರೆ ಬಂತೆಂಬುದೂ ತಿಳಿದಿರುತ್ತದೆ. ಆದರೂ ಐದು ಕಿಲೋಮೀಟರ್ ಆಚೆ ಇರುವವನ ನೆಲೆ ಸಿಗುವುದು ಅರ್ಧ ಕಿಲೋಮೀಟರ್ ಅಗಲದ, ಹತ್ತು ಕಿಲೋಮೀಟರ್ ಉದ್ದದ ಬಾಗಿದ ಪಟ್ಟಿಯಾಗಿ. ಅದರಲ್ಲಿ ಎರಡು ಮೂರು ಹಳ್ಳಿಗಳೂ ಅಸಂಖ್ಯ ತೋಟದ ಮನೆಗಳೂ ಇರಬಹುದು. ಸ್ಮಾರ್ಟ್‌ಫೋನಿನ ಜಿಪಿಎಸ್ ಕೆಲವೇ ಮೀಟರುಗಳ ನಿಖರತೆ ಕೊಡುತ್ತದೆ, ನಿಜ. ಆದರೆ ಆ ಮಾಹಿತಿ ಕರೆಯೊಡನೆ ಸಾಗಿ ಕೇಂದ್ರದ ಪರದೆಯ ಮೇಲೆ ಮೂಡಿದರೆ ಮಾತ್ರ ಪ್ರಯೋಜನ. ಇಲ್ಲದಿದ್ದರೆ ಕೊನೆಗೆ 'ಯಾವ ಊರು?' ಎಂಬ ಪ್ರಶ್ನೆಯೇ ಗತಿ.

ಆ ಪ್ರಶ್ನೆ ಕೇಳುವವರು ಬೆಂಗಳೂರಿನಲ್ಲೇಕೆ ಕೂತಿರಬೇಕು, ವಿಜಯಪುರದಲ್ಲೇ ಇರಬಾರದೆ? ಇದಕ್ಕೆ ಉತ್ತರ ಕೊಟ್ಟವನು ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್. ಕರೆಗಳು ಯದ್ವಾತದ್ವಾ ಬರುವುದರಲ್ಲೂ ಒಂದು ನಿಯಮವಿದೆಯೆಂದು ಆತ 1909ರಲ್ಲಿ ತೋರಿಸಿ, 1917ರಲ್ಲಿ ಸೂತ್ರವನ್ನು ಪ್ರಕಟಿಸಿದ. ಒಂದು ಜಿಲ್ಲೆಯಿಂದ ಗಂಟೆಗೆ 30 ಕರೆಗಳು ಬರುತ್ತವೆ, ಪ್ರತಿಯೊಂದಕ್ಕೂ ಸರಾಸರಿ 4 ನಿಮಿಷ ಬೇಕು ಎಂದುಕೊಳ್ಳಿ. ಒಟ್ಟು 120 ನಿಮಿಷದ ಕೆಲಸ, ಇಬ್ಬರು ಸಾಕು ಎನ್ನಿಸುತ್ತದೆ. ಕರೆಗಳು ಸರತಿಯಲ್ಲಿ ಕಾಯದೆ ಕಡಿದುಹೋಗುವುದಾದರೆ, ಇಬ್ಬರಿದ್ದಲ್ಲಿ ನೂರಕ್ಕೆ 40 ಕರೆಗಳಿಗೆ 'ಬ್ಯುಸಿ' ಸದ್ದೇ ಕೇಳುತ್ತದೆ ಎನ್ನುತ್ತದೆ ಸೂತ್ರ. ಮೂವರಾದರೆ 21, ಐವರಾದರೆ ಸುಮಾರು 4. ಈಗ ಇಂಥ ಎರಡು ಜಿಲ್ಲೆಗಳನ್ನು ಕೂಡಿಸಿ, ತಲಾ ಮೂವರಂತೆ ಇದ್ದ ಆರು ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿ. ಸಿಬ್ಬಂದಿ ಹೆಚ್ಚಲಿಲ್ಲ, ಆದರೂ ತಪ್ಪಿಹೋಗುವ ಕರೆಗಳು 21ರಿಂದ 12ಕ್ಕೆ ಇಳಿಯುತ್ತವೆ. ಇಡೀ ರಾಜ್ಯವನ್ನು ಕೂಡಿಸಿದರೆ ಲಾಭ ಇನ್ನೂ ಹೆಚ್ಚು.

ಲೆಕ್ಕ ಸರಿಯೇ. ಆದರೆ ಎರ್ಲಾಂಗನ ಸೂತ್ರ ಪ್ರತಿ ಕರೆಗೂ ನಾಲ್ಕೇ ನಿಮಿಷವೆಂದು ನಂಬಿಕೊಂಡಿದೆ. ತಿಕೋಟಾ, ಬಬಲೇಶ್ವರಗಳು ಮೊದಲು ವಿಜಯಪುರ ತಾಲ್ಲೂಕಿನಲ್ಲಿದ್ದವು, ಈಗ ಸ್ವತಂತ್ರ ತಾಲ್ಲೂಕುಗಳು. ಕೇಂದ್ರದ ಪಟ್ಟಿ ಹಳೆಯದಾಗಿದ್ದು, ಕರೆ ಮಾಡಿದವರು 'ಬಬಲೇಶ್ವರ ತಾಲೂಕ, ಸಾರವಾಡದ ಹಂತೇಕ ತ್ವಾಟದ ಮನಿ' ಎಂದರೆ, ಹುಡುಕುವುದರಲ್ಲೇ ನಾಲ್ಕು ನಿಮಿಷ ಆರಾಗಬಹುದು. ಆಗ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಊರುಗಳ ಪಟ್ಟಿಯನ್ನು ಆಗಾಗ ತಿದ್ದುವುದು ಹೊಸ ಯಂತ್ರ ತರುವುದಕ್ಕಿಂತ ಅಗ್ಗ ಎಂಬುದು ನನ್ನ ಅಭಿಪ್ರಾಯ.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಆತ್ಮಹತ್ಯೆ ತಡೆಯುವ 988 ಸಹಾಯವಾಣಿ ಬಹುಕಾಲ ಫೋನ್ ಸಂಖ್ಯೆಯ ಪ್ರದೇಶಸಂಕೇತವನ್ನು ನೋಡಿ ಕರೆ ಸಾಗಿಸುತ್ತಿತ್ತು. ನ್ಯೂಯಾರ್ಕಿನ ಸಂಖ್ಯೆ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವನ ಕರೆ ನ್ಯೂಯಾರ್ಕಿಗೇ ಹೋಗುತ್ತಿತ್ತು. ಗೋಪುರದ ಆಧಾರದಿಂದಲೇ ಕರೆ ಸಾಗಿಸಬೇಕೆಂದು ಅಲ್ಲಿನ ಸಂಪರ್ಕ ಆಯೋಗ 2024ರಲ್ಲಿ ನಿಯಮ ಮಾಡಿತು. ಅಲ್ಲಿ ಪರಿಹಾರವಾಗಿ ಬಂದದ್ದೇ ಕನಮಡಿಯಲ್ಲಿ ಸಮಸ್ಯೆ! ನಮ್ಮಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ 14416 ಟೆಲಿ ಮಾನಸ್ ಸಹಾಯವಾಣಿ ಕರೆಯ ಆರಂಭದಲ್ಲೇ ಭಾಷೆಯನ್ನು ಆರಿಸಿಕೊಳ್ಳಲು ಹೇಳುತ್ತದೆ. ಗಡಿಯವರಿಗೆ ಇದು ಒಳ್ಳೆಯ ದಾರಿ. ಜತ್ತ ತಾಲ್ಲೂಕಿನ ಕನ್ನಡಿಗರಿಗೂ ಅಷ್ಟೇ ಉಪಯುಕ್ತ.

ಅಲ್ಲಿಯವರೆಗೆ ಏನು ಮಾಡುವುದು? ಗಡಿಯ ಬಳಿ ಇರುವವರು ಕರೆ ಸಿಕ್ಕೊಡನೆ ಮೊದಲು ರಾಜ್ಯ, ಜಿಲ್ಲೆ, ಆಮೇಲೆ ತಾಲ್ಲೂಕು, ಊರು ಹೇಳುವುದು ಒಳ್ಳೆಯದು. ಇನ್ನೊಂದು ಉಪಾಯ ಭೌತವಿಜ್ಞಾನಕ್ಕಿಂತ ಹಳೆಯ ಬುದ್ಧಿವಂತಿಕೆಯದು. ಕಿರುಸಂಖ್ಯೆ ಅಡ್ಡಹೆಸರಾದರೆ, 08352ರಿಂದ ಆರಂಭವಾಗುವ ಪೂರ್ಣ ಸಂಖ್ಯೆ ನಿಜವಾದ ವಿಳಾಸ. ಯಾವ ರಾಜ್ಯದ ಗೋಪುರದಿಂದ ಹೊರಟರೂ ಅದು ವಿಜಯಪುರಕ್ಕೇ ಬರುತ್ತದೆ. ನನ್ನ ವಿದ್ಯಾರ್ಥಿ ಆಸ್ಪತ್ರೆಯ ಅಂಥದೊಂದು ಸಂಖ್ಯೆಯನ್ನು ಮೋಟಾರ್ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಿದ್ದಾನೆ.