ಡಿಕ್ಕಿಯಲ್ಲಿ ಗುಡುಗು, ಬಾನೆಟ್ಟಿನೊಳಗೆ ಫ್ಯೂಸ್ ಉಂಟೇ?

ದಾವಣಗೆರೆ: ಸಂಜೆ ಆರೂವರೆ. ಪಿ.ಬಿ. ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾದು ನಿಂತವರ ಎದೆಗೆ ಯಾರೋ ಒಳಗಿನಿಂದ ಗುದ್ದಿದ ಹಾಗಾಗುತ್ತದೆ. ದಬ್... ದಬ್... ದಬ್. ಹಾಡು ಯಾವುದು, ಹಾಡಿದವರು ಯಾರು, ಒಂದೂ ತಿಳಿಯುವುದಿಲ್ಲ. ಪಕ್ಕದ ಬೀಡಾ ಅಂಗಡಿಯ ಗಾಜಿನ ಭರಣಿಗಳು ಒಂದಕ್ಕೊಂದು ತಾಕಿ ಗಿಣಗುಟ್ಟುತ್ತವೆ. ಅಷ್ಟರಲ್ಲಿ ಒಂದು ಪುಟ್ಟ ಕಾರು ಹಾದು ಹೋಗುತ್ತದೆ.

"ಏನ್ ಹಾಕ್ಸ್ಯಾನಲೇ ಅವ?"

"ಡಿಕ್ಕಿ ತುಂಬ ವೂಫರ್ ಹಾಕ್ಸ್ಯಾನ."

ಜನ ನಗುತ್ತಾರೆ, ಬಯ್ಯುತ್ತಾರೆ, ಬಸ್ಸು ಬಂದರೆ ಹತ್ತಿ ಹೋಗುತ್ತಾರೆ. ಆದರೆ ಆ ಡಿಕ್ಕಿಯಿಂದ ಬ್ಯಾಟರಿಯವರೆಗೆ ಒಂದು ಕೆಂಪು ವೈರು ಹೋಗಿರುತ್ತದೆ. ಅದನ್ನು ಹೇಗೆ ಎಳೆದಿದ್ದಾರೆ ಎಂಬುದರ ಮೇಲೆ ಆ ಕಾರಿನ, ಅದರಲ್ಲಿ ಕುಳಿತವರ ಕ್ಷೇಮ ನಿಂತಿದೆ. ಈ ವಿಚಾರ ಗಿರಾಕಿಗೂ ಬೇಡ, ಕೆಲವು ಅಂಗಡಿಯವರಿಗೂ ಬೇಡ. ಎಲ್ಲರಿಗೂ ಬೇಕಾದ್ದು 'ದಬ್' ಒಂದೇ.

ಸೆಟ್ ತೆಗೆಯಬೇಡಿ, ಸದ್ದು ಮಾತ್ರ ಏರಿಸಿ

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಕೆಲಸ ಸುಲಭವಿತ್ತು. ಡ್ಯಾಶ್‌ಬೋರ್ಡಿನಲ್ಲಿದ್ದ ಹಳೇ ರೇಡಿಯೊ ಬಿಚ್ಚಿ, ಕ್ಯಾಸೆಟ್ ಪ್ಲೇಯರ್ ಕೂರಿಸಿ, ಹಿಂದಿನ ಗಾಜಿನ ಕೆಳಗೆ ಎರಡು ಸ್ಪೀಕರ್ ಇಟ್ಟರೆ ಮುಗಿಯಿತು. ಈಗಿನ ಕಾರಿನ ಕಥೆ ಬೇರೆ. ಕಂಪನಿಯಿಂದಲೇ ಬರುವ ಸ್ಟೀರಿಯೊಗೆ ಸ್ಟೀರಿಂಗ್ ಮೇಲಿನ ಗುಂಡಿಗಳು, ರಿವರ್ಸ್ ಕ್ಯಾಮೆರಾ, ಫೋನು ಎಲ್ಲ ಗಂಟು ಬಿದ್ದಿರುತ್ತವೆ. ಅದನ್ನು ಕಿತ್ತರೆ ನಾಲ್ಕು ಕೆಲಸ ಕೆಡುತ್ತವೆ. ಹಾಗಾಗಿ ಅಂಗಡಿಗೆ ಬರುವ ಹುಡುಗರ ಬೇಡಿಕೆ ಒಂದೇ ತೆರ.

"ಅಣ್ಣಾ, ಕಂಪನಿ ಸೆಟ್ ಮುಟ್ಬ್ಯಾಡ್ರಿ. ಅದರ ಮ್ಯಾಲೇ ವೂಫರ್ ಕೂರ್ಬಕು. ಆಗ್ತತಾ?"

"ಆಗ್ತತಿ ತಮ್ಮಾ. ಹೆಂಗ್ ಮಾಡ್ಬಕೋ ಹಂಗ್ ಮಾಡಿದ್ರ ಆಗ್ತತಿ."

ಆ 'ಹೆಂಗ್' ಏನೆಂಬುದರಲ್ಲೇ ಎಲ್ಲ ಅಡಗಿದೆ.

ಮೊದಲ ಪ್ರಶ್ನೆ: ಕಂಪನಿಯವರೇ ಕೊಟ್ಟ ಸೆಟ್ಟಿನಲ್ಲಿ ಆ 'ದಬ್' ಯಾಕಿಲ್ಲ? ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸದ್ದು ಕೇಳುತ್ತದೆ. ಡೊಳ್ಳು, ಬೇಸ್ ಗಿಟಾರಿನ ತಳದ ಸದ್ದು 100ಕ್ಕಿಂತ ಕೆಳಗಿಳಿಯುತ್ತದೆ. ಸದ್ದು ಕೆಳಗಿಳಿದಷ್ಟೂ ಹೆಚ್ಚು ಗಾಳಿಯನ್ನು ತಳ್ಳಬೇಕು. ಬಾಗಿಲೊಳಗೆ ಕೂತ ಆರು ಅಂಗುಲದ ಸ್ಪೀಕರಿನ ಕೈಲಿ ಅದು ಆಗದ ಮಾತು. ಬೀಸಣಿಗೆಯಿಂದ ಭತ್ತ ತೂರಿದ ಹಾಗೆ. ಜೊತೆಗೆ ನಮ್ಮ ಕಿವಿಯೂ ತಳದ ಸದ್ದಿಗೆ ಸ್ವಲ್ಪ ಮಂದ. 1933ರಲ್ಲೇ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಆದ್ದರಿಂದ ತಳದ ಸದ್ದು ಬೇಕೆಂದರೆ ಎಂಟು, ಹತ್ತು, ಹನ್ನೆರಡು ಅಂಗುಲದ ದೊಡ್ಡ ಸ್ಪೀಕರು, ಅದಕ್ಕೊಂದು ಡಬ್ಬಿ, ಅದಕ್ಕೇ ಒಂದು ಆಂಪ್ಲಿಫೈಯರು ಬೇಕೇ ಬೇಕು.

'50 x 4' ಎಂಬ ಮಾಯೆ

ಸೆಟ್ಟಿನ ಡಬ್ಬದ ಮೇಲೆ '50 ವ್ಯಾಟ್ x 4' ಅಂತ ದಪ್ಪಗೆ ಅಚ್ಚು ಹಾಕಿರುತ್ತಾರೆ. ಗಿರಾಕಿ ಇನ್ನೂರು ವ್ಯಾಟ್ ಬಂತು ಅಂತ ಹಿಗ್ಗುತ್ತಾನೆ. ಕಾರಿನ ಕರೆಂಟು 12 ವೋಲ್ಟು. ಇಂಜಿನ್ ಓಡುತ್ತಿದ್ದರೆ 14ರ ಆಸುಪಾಸು. ಅಷ್ಟರಲ್ಲಿ ಒಂದು ಮಾಮೂಲಿ ಸೆಟ್ಟು 4 ಓಮ್ ಸ್ಪೀಕರಿಗೆ ಬಿಡದೆ ಕೊಡಬಲ್ಲದ್ದು ಸುಮಾರು 18ರಿಂದ 20 ವ್ಯಾಟ್. ಉಳಿದದ್ದು ಕ್ಷಣಕ್ಕೊಮ್ಮೆ ಬರುವ ಮಿಂಚಿನ ಲೆಕ್ಕ. ಸಂತೆಯಲ್ಲಿ ಮಾರುವ ಅಗ್ಗದ ಆಂಪ್ಲಿಫೈಯರುಗಳ ಮೇಲೂ 'ಸಾವಿರ ವ್ಯಾಟ್', 'ಎರಡು ಸಾವಿರ ವ್ಯಾಟ್' ಎಂಬ ಬರಹ ಇರುತ್ತದೆ. ಅಂಗಡಿಯವರನ್ನು ಕೇಳಬೇಕಾದ್ದು ಒಂದೇ ಮಾತು: "ಆರ್‌ಎಂಎಸ್ ಎಷ್ಟು?" ಬಿಡದೆ ಕೊಡುವ ನಿಜವಾದ ಶಕ್ತಿ ಅದು. ಅದಕ್ಕೆ ಉತ್ತರ ಕೊಡದ ಮಾಲನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ಬಿಟ್ಟು ಬರುವುದು ಲೇಸು.

ಸೆಟ್ಟಿನಿಂದ ಸದ್ದನ್ನು ಹೊರಗೆ ತರುವುದು ಮುಂದಿನ ತಾಪತ್ರಯ. ಬೇರೆ ಕೊಂಡು ಹಾಕುವ ಸೆಟ್ಟಿನ ಬೆನ್ನಿಗೆ ಆಂಪ್ಲಿಫೈಯರಿನ ಪಿನ್ನು ಚುಚ್ಚುವ ತೂತು ಇರುತ್ತದೆ. ಕಂಪನಿ ಸೆಟ್ಟಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆಗ ದಾರಿ ಎರಡು. ಹಿಂದಿನ ಬಾಗಿಲಿನ ಸ್ಪೀಕರ್ ವೈರಿನಿಂದ ಸದ್ದು ತೆಗೆದು 'ಹೈ-ಲೋ ಕನ್ವರ್ಟರ್' ಎಂಬ ಪುಟ್ಟ ಡಬ್ಬಿಯ ಮೂಲಕ ಇಳಿಸಿ ಆಂಪ್ಲಿಫೈಯರಿಗೆ ಕೊಡುವುದು ಒಂದು. ಸ್ಪೀಕರ್ ವೈರನ್ನೇ ನೇರವಾಗಿ ಒಪ್ಪಿಕೊಳ್ಳುವ ಆಂಪ್ಲಿಫೈಯರ್ ಕೊಳ್ಳುವುದು ಇನ್ನೊಂದು. ಎರಡರಲ್ಲೂ ಕಂಪನಿಯ ವೈರು ಕತ್ತರಿಸಬಾರದು. ಆಯಾ ಕಾರಿಗೆ ಹೊಂದುವ ಕಪ್ಲರ್ ಸಿಗುತ್ತದೆ. ನಡುವೆ ಸಿಕ್ಕಿಸಿದರೆ ಆಯಿತು, ಬೇಡವಾದಾಗ ತೆಗೆದರಾಯಿತು. ಬ್ಲೇಡಿನಲ್ಲಿ ಸುಲಿದು, ತಿರುಚಿ, ಟೇಪು ಸುತ್ತಿದ ಕೆಲಸ ಕಂಡರೆ ಮುಂದೆ ವಾರಂಟಿ ಕೇಳಲು ಹೋದಾಗ ತಕರಾರು ಖಂಡಿತ.

ಇನ್ನೊಂದು ಎಚ್ಚರಿಕೆ. ಈಗಿನ ಸೆಟ್ಟುಗಳ ಸ್ಪೀಕರ್ ಮೈನಸ್ ವೈರು ಅರ್ತ್ ಅಲ್ಲ. "ಮೈನಸ್ ಅಂದ್ರ ಬಾಡಿಗೆ ಕೊಡೋದಲ್ವಾ?" ಅಂತ ಅದನ್ನು ಕಾರಿನ ಬಾಡಿಗೆ ತಾಕಿಸಿದರೆ ಸೆಟ್ಟು ಅಲ್ಲೇ ಸುಟ್ಟುಹೋಗಬಹುದು.

ಕೆಲವು ಕಂಪನಿ ಸೆಟ್ಟುಗಳಲ್ಲಿ ಮತ್ತೊಂದು ಚೇಷ್ಟೆ ಉಂಟು. ಸದ್ದು ಏರಿಸಿದಷ್ಟೂ ಅವು ತಾವಾಗಿಯೇ ತಳದ ಸದ್ದನ್ನು ತಗ್ಗಿಸುತ್ತವೆ. ಬಾಗಿಲಿನ ಸಣ್ಣ ಸ್ಪೀಕರು ಹರಿಯದಿರಲಿ ಎಂಬ ಉಪಾಯ. ಇಂಥ ಕಾರಿಗೆ ವೂಫರ್ ಹಾಕಿಸಿದವ ಸದ್ದು ಏರಿಸಿದಾಗ ದಬ್ ಮಾಯವಾಗಿ ಪೆಚ್ಚಾಗುತ್ತಾನೆ, ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ತಪ್ಪು ಇಬ್ಬರದೂ ಅಲ್ಲ. ಮೊದಲೇ ಪರೀಕ್ಷೆ ಮಾಡಿ ತಿಳಿಸಿದ್ದರೆ ಜಗಳ ಇರುತ್ತಿರಲಿಲ್ಲ.

ಆ ಕೆಂಪು ವೈರು

ಈಗ ಅಸಲು ಮಾತಿಗೆ ಬರೋಣ. ನಿಜವಾದ 300 ವ್ಯಾಟಿನ ಆಂಪ್ಲಿಫೈಯರು ಪೂರ್ತಿ ಕೂಗಿದಾಗ ಬ್ಯಾಟರಿಯಿಂದ 27-28 ಆಂಪಿಯರ್ ಎಳೆಯುತ್ತದೆ; ಹಳೇ ಮಾದರಿಯದಾದರೆ 40 ದಾಟುತ್ತದೆ. ಕಂಪನಿ ಸೆಟ್ಟಿನ ಹಿಂದಿರುವ ವೈರು 15-20 ಆಂಪಿಯರಿಗೆ ಲೆಕ್ಕ ಹಾಕಿದ್ದು. ಕೆಲವರು ಕೆಲಸ ಬೇಗ ಮುಗಿಯಲಿ ಅಂತ ಅದಕ್ಕೇ ಜೋಡಿಸುತ್ತಾರೆ. ಫ್ಯೂಸ್ ಹೋಗುತ್ತದೆ. ಇನ್ನೂ ದೊಡ್ಡ ಫ್ಯೂಸ್ ಹಾಕುತ್ತಾರೆ. ಈಗ ಫ್ಯೂಸ್ ಹೋಗುವುದಿಲ್ಲ, ಡ್ಯಾಶ್‌ಬೋರ್ಡಿನೊಳಗೆ ವೈರೇ ಬೇಯುತ್ತದೆ.

ಸರಿಯಾದ ಕ್ರಮವೆಂದರೆ ಬ್ಯಾಟರಿಯ ಪ್ಲಸ್‌ನಿಂದಲೇ ಪ್ರತ್ಯೇಕ ದಪ್ಪ ವೈರು ಎಳೆಯುವುದು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಒಂದು ಫ್ಯೂಸ್ ಇರಲೇಬೇಕು. ಬಹಳ ಜನ ಎಡವುವುದು ಇಲ್ಲೇ. "ಆಂಪ್ಲಿಫೈಯರ್‌ನಾಗೇ ಫ್ಯೂಸ್ ಐತಲ್ಲ ಸರ, ಇನ್ನೊಂದ್ ಯಾಕ?" ಎಂಬ ಮಾತು ಕೇಳಿಬರುತ್ತದೆ. ಆಂಪ್ಲಿಫೈಯರಿನ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಹನ್ನೆರಡು-ಹದಿನೈದು ಅಡಿ ಉದ್ದ ಹರಿದ ವೈರನ್ನು ಕಾಯುವವರು ಯಾರು? ಆ ವೈರು ಇಂಜಿನ್ನಿನ ಹಿಂದಿನ ತಗಡಿನ ತೂತಿನಲ್ಲಿ ನುಸುಳಿ, ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ ಹೋಗುತ್ತದೆ. ಕಾರು ಅದುರಿದ ಹಾಗೆಲ್ಲ ತಗಡಿನ ಅಂಚು ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಕೊರೆಯುತ್ತದೆ. ಒಂದು ದಿನ ತಾಮ್ರ ತಗಡಿಗೆ ತಾಕಿತು ಎನ್ನಿ. ಬ್ಯಾಟರಿ ಒಮ್ಮೆಗೇ ನೂರಾರು ಆಂಪಿಯರ್ ಸುರಿಯುತ್ತದೆ. ಫ್ಯೂಸ್ ಇದ್ದರೆ 'ಟಪ್' ಅಂತ ಹೋಗಿ ಅಲ್ಲಿಗೆ ನಿಂತಿತು. ಇಲ್ಲದಿದ್ದರೆ ವೈರು ಕಾದು ಕೆಂಡವಾಗಿ ಕಾರ್ಪೆಟ್ಟಿಗೆ ಹತ್ತುತ್ತದೆ. ಕೀ ತೆಗೆದಿದ್ದರೂ ಅದು ನಿಲ್ಲುವುದಿಲ್ಲ; ಯಾಕೆಂದರೆ ಆ ವೈರು ಕೀಲಿಯ ಮೂಲಕ ಹೋಗಿಲ್ಲ. ಕಾರು ಮನೆ ಮುಂದೆ ನಿಂತಿರುತ್ತದೆ, ಮನೆಯವರು ನಿದ್ದೆಯಲ್ಲಿರುತ್ತಾರೆ.

ಆದ್ದರಿಂದ ಬ್ಯಾಟರಿ ಪಕ್ಕದ ಹೆಬ್ಬೆರಳು ಗಾತ್ರದ ಫ್ಯೂಸು, ತಗಡಿನ ತೂತಿಗೆ ಒಂದು ರಬ್ಬರ್ ಬುಷ್, ಇವೆರಡು ಶೋಕಿಯಲ್ಲ. ಫ್ಯೂಸಿನ ಅಳತೆಯೂ ವೈರಿನ ದಪ್ಪಕ್ಕೆ ತಕ್ಕಂತಿರಬೇಕು.

ವೈರಿನಲ್ಲೂ ಮೋಸ ಉಂಟು. ಮೇಲೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರ ಹೊರುವಷ್ಟು ಕರೆಂಟು ಅದು ಹೊರುವುದಿಲ್ಲ, ಬೇಗ ಕಾಯುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಿದ್ದರೆ ತಾಮ್ರ, ಬೆಳ್ಳಗಿದ್ದರೆ ಅಲ್ಯೂಮಿನಿಯಂ. ದುಡ್ಡು ಕೊಡುವ ಮುಂಚೆ ಈ ಪರೀಕ್ಷೆ ಮಾಡಿದರೆ ಯಾವ ಪ್ರಾಮಾಣಿಕ ಅಂಗಡಿಯವರೂ ಬೇಸರಿಸುವುದಿಲ್ಲ.

ಕುಂಯ್‌ಗುಟ್ಟುವ ಸೆಟ್ಟು, ಬೆಳಿಗ್ಗೆ ಸತ್ತ ಬ್ಯಾಟರಿ

ಅರ್ತ್ ಕೊಡುವುದೂ ಒಂದು ವಿದ್ಯೆ. ಬಣ್ಣ ಕೆರೆದು, ಬರೀ ಲೋಹದ ಮೇಲೆ, ಗಿಡ್ಡ ವೈರಿನಲ್ಲಿ ಬಿಗಿಯಾಗಿ ಕೊಡಬೇಕು. ಬಣ್ಣದ ಮೇಲೇ ಸ್ಕ್ರೂ ಹಾಕಿದರೆ ಆಕ್ಸಿಲೇಟರ್ ತುಳಿದ ಹಾಗೆ 'ಕುಂಯ್' ಅನ್ನುವ ಸದ್ದೂ ಏರುತ್ತ ಹೋಗುತ್ತದೆ. ಕರೆಂಟಿನ ವೈರು ಕಾರಿನ ಒಂದು ಬದಿ, ಸದ್ದಿನ ವೈರು ಇನ್ನೊಂದು ಬದಿ ಹೋದರೆ ಈ ಕಾಟ ಕಡಿಮೆ. ಆದರೆ ಸ್ಕ್ರೂಗಾಗಿ ಕೊರೆಯುವ ಮುಂಚೆ ಕಾರಿನ ಕೆಳಗೆ ಬಗ್ಗಿ ನೋಡುವುದು ಪ್ರಾಣಕ್ಕೆ ಒಳ್ಳೆಯದು. ಬಹಳಷ್ಟು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂದಿನ ಸೀಟಿನ ಕೆಳಗೇ ಇರುತ್ತದೆ. ಬ್ಯಾಟರಿ ಕಾರಾದರೆ ಕಿತ್ತಳೆ ಬಣ್ಣದ ವೈರುಗಳ ಹತ್ತಿರವೂ ಸುಳಿಯಬಾರದು. ಅದರಲ್ಲಿ ನೂರಾರು ವೋಲ್ಟ್ ಓಡುತ್ತದೆ.

ಆಂಪ್ಲಿಫೈಯರಿಗೆ 'ಏಳು, ಮಲಗು' ಅಂತ ಹೇಳುವ ತೆಳು ವೈರೊಂದು ಬೇಕು. ಕಂಪನಿ ಸೆಟ್ಟಿನಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಫ್ಯೂಸಿನಿಂದ ಅದನ್ನು ತರಬೇಕು. ಸಿಕ್ಕಲ್ಲಿ ಸಿಕ್ಕಿಸಿದರೆ ರಾತ್ರಿಯಿಡೀ ಆಂಪ್ಲಿಫೈಯರ್ ಎಚ್ಚರವಿರುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡುವ ಹೊತ್ತಿಗೆ ಕೈಕೊಡುತ್ತದೆ. ಮನೆಯವರೆಲ್ಲ ಸೇರಿ ಕಾರು ತಳ್ಳುವುದನ್ನು ಓಣಿಯೇ ನೋಡುತ್ತದೆ.

ಡಬ್ಬಿಯನ್ನು ಡಿಕ್ಕಿಯಲ್ಲಿ ಸುಮ್ಮನೆ ಇಟ್ಟು ಬಿಡುವುದೂ ಸಲ್ಲ. ಹತ್ತಾರು ಕೆ.ಜಿ. ತೂಗುವ ಡಬ್ಬಿ ಗಟ್ಟಿ ಬ್ರೇಕಿಗೆ ಮುಂದಕ್ಕೆ ನುಗ್ಗುತ್ತದೆ. ಬೆಲ್ಟ್ ಹಾಕಿ ಬಿಗಿಯಬೇಕು. ಡಿಕ್ಕಿಯಲ್ಲಿ ಸಾಮಾನು ಇಡಲು ಜಾಗ ಬೇಕೆನ್ನುವ ಸಂಸಾರಸ್ಥರಿಗೆ ಸೀಟಿನ ಕೆಳಗೆ ಕೂರುವ ಚಪ್ಪಟೆ ವೂಫರ್ ಉಂಟು. ಆಂಪ್ಲಿಫೈಯರು ಅದರೊಳಗೇ ಇರುತ್ತದೆ. ಬೀದಿ ನಡುಗುವುದಿಲ್ಲ, ಕಾರೊಳಗಿನವರಿಗೆ ಹಾಡು ತುಂಬಿ ಬರುತ್ತದೆ. ಅದಕ್ಕೂ ಬ್ಯಾಟರಿ ಪಕ್ಕದ ಫ್ಯೂಸ್ ತಪ್ಪಿದ್ದಲ್ಲ.

ನಿದ್ದೆ ಯಾರಪ್ಪನ ಸ್ವತ್ತು?

ಹೊರಗಿನವರಿಗೆ ಬರೀ ದಬ್ ಮಾತ್ರ ಕೇಳುವುದಕ್ಕೂ ಕಾರಣವಿದೆ. 50 ಕಂಪನದ ಸದ್ದಿನ ಒಂದು ಅಲೆ ಸುಮಾರು 7 ಮೀಟರ್ ಉದ್ದ, ಸಣ್ಣ ಕಾರಿಗಿಂತಲೂ ಉದ್ದ. ಹಾಡಿನ ಮಾತು, ಕೊಳಲು, ಪಿಟೀಲಿನ ಬಹುಪಾಲನ್ನು ಕಾರಿನ ಗಾಜು, ತಗಡು ತಡೆಯುತ್ತವೆ. ಆ ಉದ್ದದ ಅಲೆಯನ್ನು ತಡೆಯಲಾರವು. ಮನೆಯ ಗೋಡೆಯೂ ಪೂರ್ತಿ ತಡೆಯಲಾರದು. ಬಾಣಂತಿ ಕೋಣೆಗೆ, ಪರೀಕ್ಷೆಗೆ ಓದುವ ಹುಡುಗನ ಮೇಜಿಗೆ, ಬಿ.ಪಿ. ಇರುವ ಅಜ್ಜನ ಮಂಚಕ್ಕೆ ಅದು ಹೇಳದೆ ಕೇಳದೆ ಬರುತ್ತದೆ.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ಆದರೆ ಈ ಡೆಸಿಬಲ್ ಅಳೆಯುವುದು 'ಎ' ಮಾಪನದಲ್ಲಿ. ಅದು 50 ಕಂಪನದ ಸದ್ದನ್ನು ಸುಮಾರು 30 ಡೆಸಿಬಲ್ ಕಮ್ಮಿ ಮಾಡಿ ತೋರಿಸುತ್ತದೆ. ಕಿಟಕಿ ಗಡಗಡ ಅಂದರೂ ಯಂತ್ರದ ಮುಳ್ಳು ಅಷ್ಟಾಗಿ ಏಳುವುದಿಲ್ಲ. ಹಾಗಾಗಿ ಇಲ್ಲಿ ಯಂತ್ರಕ್ಕಿಂತ ಮರ್ಯಾದೆಯೇ ಮುಖ್ಯ ಎನ್ನಬೇಕಾಗುತ್ತದೆ.

ವಿಮೆಯ ಮಾತೂ ಉಂಟು. ಕಾರಿನ ಜೊತೆ ಬರದೆ ಆಮೇಲೆ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನಿನ ಬೆಲೆಯನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿ, ಹೆಚ್ಚಿನ ಪ್ರೀಮಿಯಂ ಕಟ್ಟಬೇಕು. ಬಿಲ್ಲೇ ಇಲ್ಲದ ಮಾಲಿಗೆ ಏನು ಬರೆಸುವುದು? "ಬಿಲ್ ಬ್ಯಾಡ ಬಿಡ್ರಿ, ಕಮ್ಮಿ ಮಾಡ್ಕೊಡ್ರಿ" ಅನ್ನುವ ಗಿರಾಕಿಯೂ, "ಆಯ್ತು ಬಿಡ್ರಿ" ಅನ್ನುವ ಅಂಗಡಿಯವರೂ ಆ ಹೊತ್ತಿಗೆ ಗೆದ್ದವರೇ. ಕೇಡು ಬಂದ ದಿನ ಇಬ್ಬರೂ ಬಾಯಿ ಬಿಡುವ ಹಾಗಿಲ್ಲ.

ಹಾಡು ಕೇಳುವುದು ತಪ್ಪಲ್ಲ. ದುಡಿದ ದುಡ್ಡಿನಲ್ಲಿ ಒಂದು ವೂಫರ್ ಹಾಕಿಸಿ, ದೂರದೂರಿಗೆ ಹೋಗುವಾಗ ಮನಸಾರೆ ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಹುಡುಗರು ಮೊದಲು ಓಡುವುದು ಡಿಕ್ಕಿಯ ಕಡೆಗೆ. ಬಲ್ಲ ಗಿರಾಕಿ ಮಾತ್ರ ಮುಂದಕ್ಕೆ ಬಂದು ಬಾನೆಟ್ ಎತ್ತಿಸುತ್ತಾನೆ.

"ಅಣ್ಣಾ, ಹಾಡು ಆಮ್ಯಾಲ ಕೇಳೋಣಂತ. ಮೊದ್ಲು ಫ್ಯೂಸ್ ಎಲ್ಲೈತಿ ತೋರಿಸ್ರಿ."

ಬ್ಯಾಟರಿಯ ಪಕ್ಕದಲ್ಲೇ ಬೆರಳಿಟ್ಟು ತೋರಿಸುವ ಅಂಗಡಿಯವರಿಗೆ ಕೇಳಿದಷ್ಟು ಕೂಲಿ ಕೊಡಬಹುದು.