ಕೊಡಲಿ ಹಾಕುವ ಮುಂಚೆ ಮೇಲೆ ನೋಡಿ

ಊರ ಪಕ್ಕ ಒಂದು ಜಾಗ ಇದೆ ಅನ್ನಿ. ಅರ್ಧ ಬಯಲು. ಅರ್ಧ ಮರ, ಪೊದೆ. ಅಲ್ಲಿ ಶಾಲೆಗೆ ಹೊಸ ಕಟ್ಟಡ ಬರುತ್ತದೆ. ಶಾಲೆ ಬೇಡ ಅಂತ ಯಾರೂ ಹೇಳುವುದಿಲ್ಲ. ನಾವೂ ಹೇಳುವುದಿಲ್ಲ. ಆದರೆ ಆ ಜಾಗದಲ್ಲಿ ಆಗಲೇ ಮನೆ ಕಟ್ಟಿಕೊಂಡವರು ಇದ್ದಾರೆ. ಬೇವಿನ ಮರದಲ್ಲಿ ಕಾಗೆ. ಹಳೇ ಮರದ ಪೊಟರೆಯಲ್ಲಿ ಗಿಳಿ, ಗೊರವಂಕ. ಪೊದೆಯಲ್ಲಿ ಪಿಕಳಾರ. ಬಯಲಿನ ಕಲ್ಲುಗಳ ನಡುವೆ ಟಿಟ್ಟಿಭ.

ಪೊದೆ ಸವರುವವರು, ಕಲ್ಲು ಆರಿಸುವವರು, ಜಲ್ಲಿ ಹೊರುವವರು ಯಾರು? ಹೆಚ್ಚಾಗಿ ಹೆಂಗಸರೇ. ಗೂಡು ಮೊದಲು ಕಾಣುವುದೂ ಅವರ ಕಣ್ಣಿಗೇ. ಅದಕ್ಕೇ ಈ ಮಾತು ನಿಮ್ಮ ಹತ್ತಿರ ಹೇಳುತ್ತಿದ್ದೇವೆ.

ನಮ್ಮ ಕಡೆ ಕಟ್ಟಡದ ಕೆಲಸ ಜೋರಾಗುವುದು ಬೇಸಿಗೆಯಲ್ಲಿ. ಬಹಳ ಹಕ್ಕಿಗಳು ಮೊಟ್ಟೆ ಇಡುವುದೂ ಆಗಲೇ. ಶಿವರಾತ್ರಿ ಹೊತ್ತಿಗೆ ಶುರುವಾದರೆ ಮಳೆಗಾಲದ ತನಕ ನಡೆಯುತ್ತದೆ. ಗೀಜಗ ಮಾತ್ರ ಮಳೆ ಬಿದ್ದ ಮೇಲೆ ಗೂಡು ನೇಯುತ್ತದೆ. ದೀಪಾವಳಿ ಕಳೆದ ಮೇಲೆ ಗೂಡುಗಳು ಕಡಿಮೆ. ಮರ ಕಡಿಯುವುದು, ಪೊದೆ ಸವರುವುದು ಆಗ ಮುಗಿದುಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಕಟ್ಟುವ ಕೆಲಸ ಆಮೇಲೆ ಯಾವಾಗ ಬೇಕಾದರೂ ಆಗಲಿ.

ಗೂಡು ಇದೆ ಅಂತ ತಿಳಿಯುವುದು ಹೇಗೆ? ಬೆಳಿಗ್ಗೆ ಕೆಲಸಕ್ಕೆ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ಹಕ್ಕಿ ಬಾಯಲ್ಲಿ ಕಡ್ಡಿ, ನಾರು ಕಚ್ಚಿಕೊಂಡು ಹೋದರೆ ಗೂಡು ಕಟ್ಟುತ್ತಿದೆ. ಹುಳ ಕಚ್ಚಿಕೊಂಡು ಹೋದರೆ ಮರಿ ಇದೆ. ನೀವು ಹತ್ತಿರ ಹೋದಾಗ ತಲೆ ಮೇಲೆ ಸುತ್ತುತ್ತಾ ಅರಚಿದರೆ ಗೂಡು ಅಲ್ಲೇ ಎಲ್ಲೋ ಇದೆ.

ಟಿಟ್ಟಿಭದ ಕತೆಯೇ ಬೇರೆ. ಅದು ಮರ ಹತ್ತುವುದಿಲ್ಲ. ನೆಲದಲ್ಲಿ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ 4 ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಕಲ್ಲು ಯಾವುದು, ಮೊಟ್ಟೆ ಯಾವುದು ಗೊತ್ತೇ ಆಗಲ್ಲ. ಸುಡು ಬಿಸಿಲಲ್ಲಿ ತಾಯಿ ಮೊಟ್ಟೆಗೆ ನೆರಳಾಗಿ ನಿಲ್ಲುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಮಟಮಟ ಮಧ್ಯಾಹ್ನ ನಾವು ಅದರ ಪಕ್ಕವೇ ಬುತ್ತಿ ಬಿಚ್ಚಿ ಕುಳಿತರೆ ಅದು ಹೆದರಿ ದೂರವೇ ನಿಲ್ಲುತ್ತದೆ. ಮೊಟ್ಟೆಗಳು ಬಿಸಿಲಿಗೆ ಬೆಂದು ಹೋಗುತ್ತವೆ. ಯಾರೂ ತುಳಿದಿಲ್ಲ, ಯಾರೂ ಮುಟ್ಟಿಲ್ಲ, ಆದರೂ ಮರಿ ಸತ್ತಿತು.

ಗೂಡನ್ನು ಎತ್ತಿ ಬೇರೆ ಮರಕ್ಕೆ ಇಟ್ಟರೆ ಆಗದೇ? ಆಗಲ್ಲ. ತಾಯಿ ಹಕ್ಕಿ ಹಳೇ ಜಾಗಕ್ಕೇ ಬಂದು ಹುಡುಕುತ್ತದೆ.

ಹಾಗಾದರೆ ಕೆಲಸ ನಿಲ್ಲಿಸಬೇಕೇ? ಕೂಲಿ ಯಾರು ಕೊಡುತ್ತಾರೆ? ಇದು ನಿಜವಾದ ಪ್ರಶ್ನೆ. ಪೂರ್ತಿ ಕೆಲಸ ನಿಲ್ಲಿಸಬೇಕಾಗಿಲ್ಲ. ಗೂಡಿರುವ ಮರವನ್ನು, ಅದರ ಸುತ್ತಲ ಜಾಗವನ್ನು ಕೊನೆಗೆ ಇಟ್ಟುಕೊಂಡರೆ ಸಾಕು. ಪಾಯ ಆ ಕಡೆಯಿಂದ ತೋಡಬಹುದು. ಜಲ್ಲಿ, ಮರಳು ಇನ್ನೊಂದು ಕಡೆ ಸುರಿಸಬಹುದು. ಮರಕ್ಕೆ ಒಂದು ಬಣ್ಣದ ಬಟ್ಟೆ ಕಟ್ಟಿ. ನೆಲದ ಗೂಡಾದರೆ ದೂರದಲ್ಲಿ ನಾಲ್ಕು ಗೂಟ ನೆಟ್ಟು ಹಗ್ಗ ಸುತ್ತಿ. ಜೆಸಿಬಿ ಓಡಿಸುವವನಿಗೆ ಮೊದಲೇ ತೋರಿಸಿ. ಮೇಲೆ ಕುಳಿತವನಿಗೆ ನೆಲದ ಮೊಟ್ಟೆ ಕಾಣುವುದಿಲ್ಲ.

ಮೇಸ್ತ್ರಿ ಹತ್ತಿರ ಮಾತಾಡುವಾಗ ದಿನದ ಲೆಕ್ಕ ಹೇಳಿ. "ಪಾಪ ಹಕ್ಕಿ" ಅಂದರೆ ನಗುತ್ತಾರೆ. ಲೆಕ್ಕ ಹೇಳಿದರೆ ಕೇಳುತ್ತಾರೆ. ಪಿಕಳಾರ ಮೊಟ್ಟೆ ಇಟ್ಟು ಮರಿ ಹಾರಲು ಸುಮಾರು 4 ವಾರ. ಗೊರವಂಕಕ್ಕೆ 5-6 ವಾರ. ಟಿಟ್ಟಿಭದ ಮೊಟ್ಟೆ ಒಡೆಯಲು ಸುಮಾರು 4 ವಾರ. ಅದರ ಮರಿ ಹುಟ್ಟಿದ ಕೆಲವು ಗಂಟೆಯಲ್ಲೇ ತಾಯಿ ಹಿಂದೆ ನಡೆಯುತ್ತದೆ. ಗಿಳಿಗೆ ಮಾತ್ರ ಎರಡು ತಿಂಗಳು ಮೀರುತ್ತದೆ.

ಮೇಸ್ತ್ರಿ ಕೇಳದಿದ್ದರೆ? ಕಾನೂನು ನಿಮ್ಮ ಕಡೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಕಾಡು ಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆಡಿಸುವುದು ಬೇಟೆಗೆ ಸಮ. ನಮ್ಮ ರಾಜ್ಯದಲ್ಲಿ 1976ರ ಮರಗಳ ಕಾಯಿದೆಯೂ ಇದೆ. ಕೆಲವು ಜಾತಿ ಬಿಟ್ಟರೆ ಮರ ಕಡಿಯಲು ಮರ ಅಧಿಕಾರಿಯ ಅಪ್ಪಣೆ ಬೇಕು. ಮರಕ್ಕೆ ಅಪ್ಪಣೆ ಸಿಕ್ಕಿತು ಅಂದರೆ ಗೂಡಿಗೂ ಸಿಕ್ಕಿತು ಅಂತಲ್ಲ. ಒಬ್ಬರೇ ಹೋಗಿ ಜಗಳ ಆಡಬೇಡಿ, ಕೂಲಿಗೆ ಕುತ್ತು ಬಂದೀತು. ಸಂಘದವರೆಲ್ಲ ಸೇರಿ ಪಂಚಾಯಿತಿಗೆ, ಅರಣ್ಯ ಇಲಾಖೆಗೆ ತಿಳಿಸಿ.

ಊರಿನ ನಡುವೆ ಹಕ್ಕಿ ಬಾಳೀತೇ ಅಂತ ಅನುಮಾನ ಇದ್ದವರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಅಲ್ಲಿ ಮನೆಗಳ ನಡುವಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಅವನ್ನು ನೋಡಿಕೊಳ್ಳುತ್ತಾರೆ. ಪುಕ್ಕಟೆ ಅಲ್ಲ ನೋಡಿ. ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಕೈಬಿಡುತ್ತದೆ. ಅದಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುತ್ತಾ ಬಂದಿದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶ ಆಯಿತು.

ಕೆಲಸದ ನಡುವೆ ಮರಿ ಕೆಳಗೆ ಬಿದ್ದರೆ ಏನು ಮಾಡುವುದು? ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಲ್ಲ ಅನ್ನುತ್ತಾರೆ. ಅದು ಸುಳ್ಳು. ಗರಿ ಬಾರದ ಮರಿಯಾದರೆ ಮೆಲ್ಲಗೆ ಎತ್ತಿ ಅದೇ ಗೂಡಿಗೆ ಇಡಿ. ಗರಿ ಬಂದು ಕುಪ್ಪಳಿಸುವ ಮರಿಯಾದರೆ ಹಾರಲು ಕಲಿಯುತ್ತಿದೆ. ಹತ್ತಿರದ ಪೊದೆಯ ಮೇಲೆ ಕೂರಿಸಿ ದೂರ ಬನ್ನಿ. ನಾಯಿ, ಬೆಕ್ಕು ಬರದಂತೆ ನೋಡಿಕೊಳ್ಳಿ. ಹಾಲು ಹಾಕಬೇಡಿ. ಹಕ್ಕಿಗೆ ಹಾಲು ಅರಗುವುದಿಲ್ಲ.

ಮರಿ ಹಾರಿತೋ ಇಲ್ಲವೋ ತಿಳಿಯಲು ಎರಡು ಮೂರು ದಿನ ಬೆಳಿಗ್ಗೆ, ಸಂಜೆ ಗಮನಿಸಿ. ತಿನಿಸು ತರುವ ಹಕ್ಕಿ ಕಾಣದಿದ್ದರೆ, ಮರಿಯ ಸದ್ದು ಕೇಳದಿದ್ದರೆ ಗೂಡು ಖಾಲಿ. ಕಡಿಯಲೇಬೇಕಾದ ಮರವಾದರೆ ಆಗ ತಡ ಮಾಡಬೇಡಿ. ಗೊರವಂಕ ಅದೇ ಪೊಟರೆಯಲ್ಲಿ ಮತ್ತೆ ಮೊಟ್ಟೆ ಇಟ್ಟೀತು.