ಚಳಿಗೆ ಏಳದ ಜೀಪು: ರೋಗ ಹಿಡಿದದ್ದು ಮಳೆಗಾಲದಲ್ಲಿ

ಡಿಸೆಂಬರು ಬಂತೆಂದರೆ ಅರಂತೋಡು, ಸಂಪಾಜೆ ಕಡೆ ಬೆಳಗ್ಗೆ ಕೇಳುವ ಮಾತು ಒಂದೇ: "ಚಳಿಗೆ ಗಾಡಿ ಏಳುವುದೇ ಇಲ್ಲ ಮಾರಾಯ್ರೇ." ನಾನೂ ಹಾಗೆಯೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಕಳೆದ ವರ್ಷ ಡಿಸೆಂಬರಿನ ಒಂದು ನಸುಕು. ಅಪ್ಪನಿಗೆ ಎದೆನೋವು. ನಮ್ಮದು ಹೆದ್ದಾರಿಯಿಂದ ಒಳಗೆ, ಗುಡ್ಡೆಯ ಬುಡದ ಮನೆ. ಫೋನಿನ ಸಿಗ್ನಲ್ ಬೇಕಾದರೂ ಗುಡ್ಡೆ ಹತ್ತಬೇಕು. ಅಪ್ಪನನ್ನು ಡೀಸೆಲ್ ಜೀಪಿನಲ್ಲಿ ಕೂರಿಸಿ ಕೀ ತಿರುಗಿಸಿದರೆ ಸೆಲ್ಫ್ ಎರಡು ಸಲ ನರಳಿ 'ಕಟ್ ಕಟ್' ಎಂದು ನಿಂತಿತು. ದೂಡಲು ಇದ್ದದ್ದು ನಾನು, ಹೆಂಡತಿ ಇಬ್ಬರೇ. ಕೊನೆಗೆ ಪಕ್ಕದ ಮನೆಯವರನ್ನು ಎಬ್ಬಿಸಿ ಅವರ ರಿಕ್ಷಾದಲ್ಲಿ ಸುಳ್ಯ ಆಸ್ಪತ್ರೆ ಸೇರಿದೆವು. ಅಪ್ಪ ಚೇತರಿಸಿಕೊಂಡರು. ಕಳೆದ ಆ ಅರ್ಧ ಗಂಟೆ ಮಾತ್ರ ಈಗಲೂ ಮರೆತಿಲ್ಲ.

ಮರುದಿನವೇ ಹೊಸ ಬ್ಯಾಟರಿ ತಂದೆ. ಅಡಿಕೆಗೆ ಹಳದಿ ರೋಗ ಹೊಕ್ಕ ನಮ್ಮೂರಿನಲ್ಲಿ ಆರು ಸಾವಿರ ಚಿಲ್ಲರೆ ಸಣ್ಣ ಮೊತ್ತವಲ್ಲ. ಹೊಸತರ ಜೋರಿಗೆ ನಾಲ್ಕು ದಿನ ಎದ್ದಿತು. ಐದನೇ ಬೆಳಗ್ಗೆ ಪುನಃ ಕಟ್ ಕಟ್!

ಆಗ ಬಂದವರು ಕಲ್ಲುಗುಂಡಿ ಕಡೆಯ ಒಬ್ಬರು ಹಳೆಯ ಮೆಕ್ಯಾನಿಕ್. ಬಾನೆಟ್ ತೆಗೆಯುವ ಮೊದಲು ಕೇಳಿದ್ದು, "ಇದರಲ್ಲಿ ಮೈಲುತುತ್ತು ಸಾಗಿಸುತ್ತೀರಾ?" ಹೌದು ಅಂದೆ. "ಹಾಗಾದರೆ ಅಡಿಗೆ ಹೋಗಿ ನೋಡಿ" ಅಂದರು.

ಎಂಜಿನ್-ಗೇರ್‌ಬಾಕ್ಸಿನಿಂದ ಚಾಸಿಸಿಗೆ ಹೋಗುವ ದಪ್ಪ ಅರ್ತ್ ಪಟ್ಟಿಯ ಬೋಲ್ಟಿನ ಸುತ್ತ ಹಸುರು-ನೀಲಿ ಹುಡಿ. ಕೆಳಗೆ ತುಕ್ಕು. ಮದ್ದು ಬಿಡುವ ಸಮಯದಲ್ಲಿ ಡ್ರಮ್ಮಿನಿಂದ ತುಳುಕಿದ್ದೆಲ್ಲ ತಳದ ತೂತಿನಿಂದ ಅಲ್ಲಿಗೇ ಇಳಿಯುತ್ತಿತ್ತು. ಬೋರ್ಡೋ ಹದವಾಗಿದೆಯೋ ಎಂದು ನಾವು ಬ್ಲೇಡು ಅದ್ದಿ ನೋಡುವುದಿಲ್ಲವೇ? ಕೆಂಪಾದರೆ ಸುಣ್ಣ ಸಾಲದು. ಮೈಲುತುತ್ತಿನ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಅದೇ ಪರೀಕ್ಷೆಯನ್ನು ನಾನು ವರ್ಷಗಟ್ಟಲೆ ಜೀಪಿನ ಬೋಲ್ಟಿಗೆ ಮಾಡುತ್ತಾ ಬಂದಿದ್ದೆ!

ಚಳಿಯಲ್ಲೇ ಯಾಕೆ?

ಬ್ಯಾಟರಿಯಿಂದ ಹೊರಟ ಕರೆಂಟು ಸೆಲ್ಫ್ ಮೋಟಾರಿಗೆ ಹೋಗಿ ಎಂಜಿನ್, ಚಾಸಿಸ್ ಮೂಲಕವೇ ಹಿಂದೆ ಬರಬೇಕು. ಈ ವಾಪಸು ದಾರಿಯಲ್ಲಿ ತುಕ್ಕಿದ್ದರೆ ಅದು ಅರ್ಧ ಮುಚ್ಚಿದ ಗೇಟ್‌ವಾಲ್ವಿನ ಹಾಗೆ. ಸ್ವಲ್ಪ ನೀರು ಸಾಕೆಂದಾಗ ತೊಂದರೆ ಗೊತ್ತಾಗದು, ಹೆಚ್ಚು ಬೇಕಾದಾಗ ಪ್ರೆಶರ್ ಬೀಳುತ್ತದೆ. ಚಳಿಯಲ್ಲಿ ಎಂಜಿನ್ ಆಯಿಲ್ ದಪ್ಪ, ತಿರುಗಿಸಲು ಹೆಚ್ಚು ಕರೆಂಟು ಬೇಕು. ಡೀಸೆಲ್ ಗಾಡಿಯ ಹೀಟರ್ ಪ್ಲಗ್ಗುಗಳ ಕರೆಂಟೂ ಅದೇ ದಾರಿಯಲ್ಲಿ ಮರಳಬೇಕು. ಮಧ್ಯಾಹ್ನ ಒಂದೇ ಏಟಿಗೆ ಏಳುವ ಗಾಡಿ ಬೆಳಗ್ಗೆ ಸೋಲುವುದು ಹೀಗೆ.

ಹಿಮ ಬೀಳುವ ದೇಶಗಳಲ್ಲಿ ಚಳಿಯೇ ಬ್ಯಾಟರಿಯ ಬಲವನ್ನು ಕುಗ್ಗಿಸುತ್ತದೆ, ಡೀಸೆಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ನಮ್ಮಲ್ಲಿ 15 ಡಿಗ್ರಿಗೆ ಇಳಿದರೆ ಅದೇ ದೊಡ್ಡ ಚಳಿ. ಸರಿಯಿರುವ ಗಾಡಿ ಇದಕ್ಕೆ ಹೆದರಬಾರದು. ಚಳಿ ಮಾಡುವುದು ಒಳಗಿದ್ದ ರೋಗವನ್ನು ತೋರಿಸಿಕೊಡುವುದು, ಅಷ್ಟೆ.

ನೀವೇ ನೋಡಬಹುದು

ಒಂದು ಸಾದಾ ಮಲ್ಟಿಮೀಟರ್ ಸಾಕು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ.

1. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಸುಮಾರು ಅರ್ಧ.

2. ಒಬ್ಬರು ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ ನೋಡಿ. ಚಾರ್ಜ್ ಇದ್ದೂ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಸಂಶಯಪಡಿ.

3. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನಿನ ಬರಿಯ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ನನ್ನದರಲ್ಲಿ ಎರಡು ವೋಲ್ಟಿಗೂ ಮೇಲಿತ್ತು.

4. ಗಾಡಿ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು. ಇಲ್ಲವಾದರೆ ಚಾರ್ಜ್ ಆಗುತ್ತಿಲ್ಲ.

ಮೀಟರ್ ಇಲ್ಲವೇ? ದಪ್ಪದ ಜಂಪರ್ ಕೇಬಲನ್ನು ನೆಗೆಟಿವ್ ಕಂಬದಿಂದ ಎಂಜಿನಿನ ಲೋಹಕ್ಕೆ ನೇರ ಕೊಡಿ. ಸೆಲ್ಫ್ ಆಗ ಚುರುಕಾದರೆ ರೋಗ ಅರ್ತಿನಲ್ಲೇ. ನಡುರಾತ್ರಿ ತುರ್ತಿಗೂ ಇದೇ ಉಪಾಯ.

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಕಥೆ ಬೇರೆ. ಡೀಸೆಲ್ ಗಾಡಿ ಬಿಳಿ ಹೊಗೆ ಬಿಟ್ಟು ಹಸಿ ಡೀಸೆಲ್ ನಾತ ಬಂದರೆ ಹೀಟರ್ ಪ್ಲಗ್ ನೋಡಿಸಿ. ಫಿಲ್ಟರಿನ ತಳದ ನೀರೂ ಬಿಡಿ. ಪೆಟ್ರೋಲ್ ಗಾಡಿಯಾದರೆ ಮೊದಲು ಸ್ಪಾರ್ಕ್ ಪ್ಲಗ್. ಅಂಗಳದಲ್ಲಿ ಅಡಿಕೆ ಇರುವ ಕಾಲ, ಇಲಿ ವಯರು ಕಡಿದಿದೆಯೋ ಅದನ್ನೂ ನೋಡಿ. ಏರ್‌ಫಿಲ್ಟರಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಅಡಿಗೆ ಬೆಂಕಿ ಕಾಯಿಸುವುದು ಖಂಡಿತ ಬೇಡ. ಗಾಡಿಯ ಜೊತೆ ಶೆಡ್ಡೂ ಹೋದೀತು.

ಮದ್ದು ಸುಲಭ

ಮೊದಲು ನೆಗೆಟಿವ್ ವಯರು ಕಳಚಿ. ಹಾಕುವಾಗ ಅದೇ ಕೊನೆಗೆ. ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿ ಬೇಡ. ಕಂಬಗಳ ಬಿಳಿ ಹುಡಿಯನ್ನು ಅಡುಗೆ ಸೋಡಾ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಬ್ರಶ್ಶಿನಿಂದ ತೊಳೆಯಿರಿ. ಬ್ಯಾಟರಿಯ ಒಳಗೆ ಸೋಡಾ ನೀರು ಹೋಗಬಾರದು. ಅರ್ತ್ ಪಟ್ಟಿ ಬಿಚ್ಚಿ, ಕೂರುವ ಜಾಗ ಹೊಳೆಯುವ ತನಕ ತಿಕ್ಕಿ, ಹೊಸ ಬೋಲ್ಟು ಹಾಕಿ ಬಿಗಿಮಾಡಿ. ಮೇಲಿಂದ ವ್ಯಾಸಲಿನ್ ಸವರಿ. ನನ್ನ ಪಟ್ಟಿಯ ಎಳೆಗಳು ಅರ್ಧ ತುಂಡಾಗಿದ್ದವು, ಬದಲಾಯಿಸಿದೆ. ಹೊಸ ಬ್ಯಾಟರಿಯ ಬೆಲೆಯ ಮುಂದೆ ಆ ಖರ್ಚು ಏನೇನೂ ಅಲ್ಲ.

ಈಗ ಮದ್ದು ಬಿಟ್ಟ ದಿನ ಸಂಜೆ ಸ್ಪ್ರೇಯರ್ ತೊಳೆಯುವಾಗ ಜೀಪಿನ ಅಡಿಗೂ ನೀರು ಹೊಡೆಯುತ್ತೇನೆ. ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ ಒಮ್ಮೆ ಬೋಲ್ಟು ಬಿಚ್ಚಿ ಉಜ್ಜುತ್ತೇನೆ. ಕೊಳೆರೋಗಕ್ಕೆ ಮುಂಚಿತವಾಗಿ ಮದ್ದು ಬಿಡುವ ನಾವು ಇದಕ್ಕೂ ಚಳಿಯ ತನಕ ಕಾಯಬೇಕಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರಂತೂ ಈ ವಾರವೇ ನೋಡಿಬಿಡಿ.